ಹೀಥ್ರೋ ಅಡಿಯಲ್ಲಿ ಹೂತುಹೋದ ಹುಲ್ಲಿನ ಮೈದಾನ: ಗ್ರೇಟ್ ವೆಸ್ಟ್ ಏರೋಡ್ರೋಮ್, 1930–1944

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಿಂದ ಲಂಡನ್ನಿಗೆ ಹೋಗುವ ನಮ್ಮವರಲ್ಲಿ ಬಹಳ ಮಂದಿ ಇಳಿಯುವುದು ಹೀಥ್ರೋದಲ್ಲಿ. ಆ ಕಾಂಕ್ರೀಟಿನ ಕೆಳಗೆ ಒಂದು ಖಾಸಗಿ ವಿಮಾನ ಮೈದಾನ ಹೂತುಹೋಗಿದೆ. ಅಲ್ಲಿ ರನ್‌ವೇ ಇರಲಿಲ್ಲ, ಪ್ರಯಾಣಿಕರು ಬರುತ್ತಿರಲಿಲ್ಲ. ಚೆನ್ನಾಗಿ ಹದ ಮಾಡಿದ ಹುಲ್ಲು, ಒಂದು ಹ್ಯಾಂಗರ್, ಸುತ್ತ ತರಕಾರಿ ತೋಟಗಳು, ಅಷ್ಟೇ. ಫೇರಿ ಏವಿಯೇಷನ್ ಎಂಬ ಕಂಪನಿ ತನ್ನ ವಿಮಾನಗಳ ಪರೀಕ್ಷಾ ಹಾರಾಟಕ್ಕೆಂದು ಅದನ್ನು ಕಟ್ಟಿಕೊಂಡಿತ್ತು. 1930ರಲ್ಲಿ ಬಳಕೆಗೆ ಬಂತು, 1944ರಲ್ಲಿ ಮುಚ್ಚಿತು.

ಸಣ್ಣ ವಿಮಾನ ಮೈದಾನಗಳು ಸಾಮಾನ್ಯವಾಗಿ ದುಡ್ಡಿಲ್ಲದೆ, ಬಳಸುವವರಿಲ್ಲದೆ ಮುಚ್ಚುತ್ತವೆ. ಇದು ಹಾಗಲ್ಲ. ಜಾಗ ಅತಿ ಚೆನ್ನಾಗಿತ್ತು, ಅದನ್ನು ಚೆನ್ನಾಗಿಯೂ ನೋಡಿಕೊಂಡಿದ್ದರು. ಅದೇ ಕಾರಣಕ್ಕೆ ಕೈತಪ್ಪಿತು. ಹೇಗೆ ಎಂಬುದನ್ನು ಇವತ್ತು ಬಿಡಿಸಿ ಹೇಳುತ್ತೇನೆ.

ಮೊದಲು ನೆಲ. ಲಂಡನ್ನಿನ ಪಶ್ಚಿಮಕ್ಕೆ, ಮಿಡ್ಲ್‌ಸೆಕ್ಸ್‌ನಲ್ಲಿ, ಹಾರ್ಮಂಡ್ಸ್‌ವರ್ತ್ ಗ್ರಾಮಕ್ಕೆ ಸೇರಿದ ಹೀಥ್ರೋ ಎಂಬ ಪುಟ್ಟ ಹಳ್ಳಿ. ಬಾತ್ ರಸ್ತೆಯಿಂದ ದಕ್ಷಿಣಕ್ಕೆ ಇಳಿದರೆ ಒಂದಷ್ಟು ತೋಟದ ಮನೆಗಳು, ಹಣ್ಣಿನ ಮರಗಳು, ತರಕಾರಿ ಹೊಲಗಳು. ಬೆಳೆದದ್ದು ಲಂಡನ್ನಿನ ಮಾರುಕಟ್ಟೆಗೆ ಹೋಗುತ್ತಿತ್ತು. ಮಣ್ಣಿನ ರಚನೆ ಮೂರು ಪದರ. ಮೇಲೆ ನಯವಾದ ಮೆಕ್ಕಲು ಮಣ್ಣು, ಅದರ ಕೆಳಗೆ ಥೇಮ್ಸ್ ನದಿ ಹಿಂದೆ ಯಾವುದೋ ಕಾಲದಲ್ಲಿ ಹರವಿ ಹೋದ ದಪ್ಪ ಜಲ್ಲಿಯ ಹಾಸು, ಇನ್ನೂ ಕೆಳಗೆ ನೀರು ಬಿಡದ ಲಂಡನ್ ಜೇಡಿಮಣ್ಣು. ಬೇಸಾಯಗಾರರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ: ಮೇಲಿನ ಮಣ್ಣು ಬೆಳೆ ಹಿಡಿದು ನಿಲ್ಲಿಸುತ್ತದೆ, ಜಲ್ಲಿ ಹೆಚ್ಚಿನ ಮಳೆನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ತರಕಾರಿಗೆ ಯಾವ ನೆಲ ಒಳ್ಳೆಯದೋ ವಿಮಾನಕ್ಕೂ ಅದೇ ಒಳ್ಳೆಯದು.

ಇನ್ನೊಂದು ಗುಣ ಸಮತಟ್ಟು. ಇದನ್ನು ಮೊದಲು ಕಂಡುಕೊಂಡವರು ಪೈಲಟ್‌ಗಳಲ್ಲ, ಸರ್ವೆಯವರು. 1784ರಲ್ಲಿ ವಿಲಿಯಂ ರಾಯ್ ಎಂಬ ಸೇನಾಧಿಕಾರಿ ಬ್ರಿಟನ್ನಿನ ತ್ರಿಕೋನ ಸರ್ವೆಗೆ ಆಧಾರರೇಖೆ (ಉಳಿದ ದೂರಗಳನ್ನೆಲ್ಲ ಲೆಕ್ಕ ಹಾಕಲು ಮೊದಲು ಅಳೆಯುವ ನೇರ ಗೆರೆ) ಎಳೆದದ್ದು ಹೀಥ್ರೋ ಹಳ್ಳಿಯ ಅಂಚಿನಿಂದ ಹ್ಯಾಂಪ್ಟನ್‌ವರೆಗೆ. ಉದ್ದ 27,404 ಅಡಿ, ಅಂದರೆ ಐದು ಮೈಲಿಗಿಂತ ಸ್ವಲ್ಪ ಹೆಚ್ಚು. ಮರದ ಅಳತೆ ಕೋಲುಗಳು ತೇವಕ್ಕೆ ಹಿಗ್ಗಿ ಕುಗ್ಗಿ ಲೆಕ್ಕ ಕೆಡಿಸಿದ್ದರಿಂದ 20 ಅಡಿಯ ಗಾಜಿನ ಕೊಳವೆಗಳನ್ನು ಬಳಸಿ ಅಳೆದರು. ಹದಿನಾರು ವರ್ಷದ ನಂತರ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಪಕ್ಕದ ಬಯಲಿನಲ್ಲಿ ಸುಮಾರು ಏಳೂವರೆ ಮೈಲಿಯ ರೇಖೆ ಅಳೆದದ್ದು ಇದೇ ವಿಧಾನದ ಮುಂದುವರಿಕೆ. ರಾಯ್‌ಗೆ ಉಪಕರಣ ಮಾಡಿಕೊಟ್ಟ ರಾಮ್ಸ್‌ಡೆನ್ ಎಂಬ ಕುಶಲಕರ್ಮಿಯ ಉಕ್ಕಿನ ಸರಪಳಿಯೇ ಇಲ್ಲಿಯೂ ಬಳಕೆಯಾಯಿತು. ಹೀಥ್ರೋ ತುದಿಯಲ್ಲಿ ಗುರುತಿಗೆಂದು ನೆಟ್ಟಿದ್ದ ಫಿರಂಗಿಯನ್ನು 1944ರಲ್ಲಿ ಕಿತ್ತರು. ಆಮೇಲೆ ಮತ್ತೆ ತಂದು ನಿಲ್ಲಿಸಿದ್ದಾರೆ.

ಈಗ ಕಂಪನಿಯ ವಿಷಯ. ರಿಚರ್ಡ್ ಫೇರಿ 1915ರಲ್ಲಿ ಕಂಪನಿ ಶುರು ಮಾಡಿದರು, ಕಾರ್ಖಾನೆ ಹೇಯ್ಸ್‌ನಲ್ಲಿತ್ತು. ಅಲ್ಲಿ ವಿಮಾನ ಕಟ್ಟಬಹುದಿತ್ತು, ಹಾರಿಸಲು ಜಾಗವಿರಲಿಲ್ಲ. ಹಾಗಾಗಿ ಪರೀಕ್ಷಾ ಹಾರಾಟಗಳಿಗೆ ಸರ್ಕಾರದ ನಾರ್ತೋಲ್ಟ್ ವಾಯುನೆಲೆಯನ್ನು ಬಳಸುತ್ತಿದ್ದರು. 1928ರಲ್ಲಿ ವಾಯು ಸಚಿವಾಲಯ ಅಲ್ಲಿಂದ ಹೊರಡಿ ಎಂದಿತು. ಸ್ವಂತ ಮೈದಾನವಿಲ್ಲದ ವಿಮಾನ ಕಾರ್ಖಾನೆಗೆ ಉಳಿಗಾಲವಿಲ್ಲ. ಕಂಪನಿಯ ಮುಖ್ಯ ಟೆಸ್ಟ್ ಪೈಲಟ್ ನಾರ್ಮನ್ ಮ್ಯಾಕ್‌ಮಿಲನ್‌ಗೆ ಆಗ ನೆನಪಾದದ್ದು 1925ರಲ್ಲಿ ತಾವು ತುರ್ತಾಗಿ ಇಳಿಯಬೇಕಾಗಿ ಬಂದಿದ್ದ ಹೀಥ್ರೋ ಬಯಲು. ಮೇಲಿನಿಂದ ಹಾರಿ ನೋಡಿ, ಇದೇ ಸರಿ ಎಂದರು. ಕಾರ್ಖಾನೆಯಿಂದ ರಸ್ತೆಯಲ್ಲಿ ಮೂರು ಮೈಲಿ ಅಷ್ಟೇ. ಹಾರ್ಮಂಡ್ಸ್‌ವರ್ತ್‌ನ ಪಾದ್ರಿಯಿಂದ ಕೊಂಡದ್ದೂ ಸೇರಿ ಸುಮಾರು 150 ಎಕರೆಗೆ 15,000 ಪೌಂಡ್ ಕೊಟ್ಟರು. ಎಕರೆಗೆ ನೂರು ಪೌಂಡ್. ಈ ಅಂಕಿ ತಲೆಯಲ್ಲಿರಲಿ, ಕೊನೆಗೆ ಬೇಕಾಗುತ್ತದೆ. ಮುಂದೆ ಅಕ್ಕಪಕ್ಕದ ತುಂಡುಗಳನ್ನು ಕೊಳ್ಳುತ್ತಾ ಹೋಗಿ 1943ರ ಹೊತ್ತಿಗೆ ಸುಮಾರು 240 ಎಕರೆ ಮಾಡಿಕೊಂಡರು. ಇಡೀ ಕಾರ್ಖಾನೆಯನ್ನೇ ಒಂದು ದಿನ ಇಲ್ಲಿಗೆ ತರುವುದು ಫೇರಿಯವರ ಯೋಜನೆಯಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಹುಲ್ಲಿನ ವಿಮಾನ ಮೈದಾನ ಎಂದರೆ ಹೊಲಕ್ಕೆ ಬೇಲಿ ಹಾಕಿ ವಿಮಾನ ಇಳಿಸುವುದು ಎಂದು ಹಲವರು ತಿಳಿದಿದ್ದಾರೆ. ಅದು ದೊಡ್ಡ ತಪ್ಪು ತಿಳಿವಳಿಕೆ. ಅದಕ್ಕೆ ಬೇಕಾದ ಕೆಲಸ ಡಾಂಬರಿನ ರಸ್ತೆಗಿಂತ ಕಡಿಮೆಯೇನಲ್ಲ. ರಸ್ತೆ ಹಾಕಿದ ಮೇಲೆ ಒಂದಷ್ಟು ವರ್ಷ ಸುಮ್ಮನಿರಬಹುದು, ಹುಲ್ಲನ್ನು ವಾರವಾರ ನೋಡಿಕೊಳ್ಳಬೇಕು.

ಮೊದಲು ಬೇಲಿಗಿಡ, ಮರದ ಬೊಡ್ಡೆ, ಹಳೆಯ ಬದು ಎಲ್ಲವನ್ನೂ ಬೇರು ಸಮೇತ ತೆಗೆಯಬೇಕು. ಬೇರು ಉಳಿದರೆ ಕೆಲವು ವರ್ಷಕ್ಕೆ ಕೊಳೆತು ಆ ಜಾಗ ಕುಸಿಯುತ್ತದೆ. ಬದು ಮಟ್ಟ ಮಾಡಿ ಹಳ್ಳ ತುಂಬಿದ ಕಡೆ ಹೊಸ ಮಣ್ಣು ಕೂರಲು ಕನಿಷ್ಠ ಒಂದು ಚಳಿಗಾಲದ ಮಳೆ ಬೀಳಲೇಬೇಕು. ಆತುರಪಟ್ಟು ಬಿತ್ತಿದರೆ ತುಂಬಿದ ಜಾಗವೆಲ್ಲ ಮರುವರ್ಷ ತಗ್ಗಾಗಿ ಕಾಣುತ್ತದೆ. ಆಮೇಲೆ ಉಳುಮೆ, ಹೆಂಟೆ ಒಡೆಯುವುದು, ಕುಂಟೆ ಹೊಡೆಯುವುದು, ರೋಲರ್. ಬಿತ್ತನೆ ಅಲ್ಲಿನ ಹವಾಮಾನದಲ್ಲಿ ಬೇಸಿಗೆಯ ಕೊನೆಗೆ ಅಥವಾ ವಸಂತದಲ್ಲಿ. ಒಂದೇ ಜಾತಿಯ ಹುಲ್ಲು ಸಾಲದು. ರೈ ಹುಲ್ಲು ಬೇಗ ಬರುತ್ತದೆ, ತುಳಿತ ತಡೆಯುತ್ತದೆ, ಆದರೆ ಗುಂಪುಗುಂಪಾಗಿ ಬೆಳೆಯುತ್ತದೆ. ಫೆಸ್ಕ್ಯೂ, ಬೆಂಟ್ ಜಾತಿಯ ಸಣ್ಣ ಎಲೆಯ ಹುಲ್ಲುಗಳು ನಿಧಾನ, ಆದರೆ ಬೇರು ಹೆಣೆದುಕೊಂಡು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತವೆ. ಚಕ್ರದ ಭಾರ ಹೊರುವುದು ಆ ಹೆಣಿಗೆಯೇ. ಕ್ಲೋವರ್ ಹೆಚ್ಚಾಗಬಾರದು, ಅದರ ರಸತುಂಬಿದ ಎಲೆ ಒದ್ದೆಯಾದಾಗ ಚಕ್ರ ಜಾರುತ್ತದೆ.

ರೋಲರ್ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಮಣ್ಣು ಹದವಾಗಿದ್ದಾಗ, ಅಂದರೆ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿಗೆ ಅಂಟಬಾರದು, ಆಗ ಎಳೆದರೆ ಎರೆಹುಳು ಹಾಕಿದ ಮಣ್ಣಿನ ಗುಡ್ಡೆ, ಹೆಗ್ಗಣದಂಥ ಮೋಲ್ ಪ್ರಾಣಿ ಎಬ್ಬಿಸಿದ ದಿಬ್ಬ ಎಲ್ಲ ಕೂರುತ್ತವೆ. ಒದ್ದೆಯಲ್ಲಿ ಎಳೆದರೆ ಮೇಲ್ಪದರದ ರಂಧ್ರಗಳು ಮುಚ್ಚಿ ನೀರು ಇಂಗುವುದು ನಿಲ್ಲುತ್ತದೆ. ಕೆಳಗೆ ಎಷ್ಟು ಒಳ್ಳೆಯ ಜಲ್ಲಿ ಇದ್ದರೂ ಪ್ರಯೋಜನವಿಲ್ಲ, ಮೇಲೆ ನೀರು ನಿಲ್ಲುತ್ತದೆ, ಬೇರು ಸಾಯುತ್ತದೆ, ಮುಂದಿನ ವಿಮಾನ ಅಲ್ಲೇ ಉಬ್ಬು ತಗ್ಗು ಮಾಡುತ್ತದೆ. ಒಂದು ಚಕ್ರದ ಗಾಡಿಜಾಡು ಮೂರು ನಾಲ್ಕು ಅಂಗುಲ ಆಳವಿದ್ದರೆ ಸಾಕು, ಇಳಿಯುವ ವಿಮಾನ ಮೂಗಡಿಯಾಗಬಹುದು.

ಹುಲ್ಲಿನ ಉದ್ದವೂ ಲೆಕ್ಕದ ವಿಷಯ. ಇವತ್ತಿಗೂ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಸಣ್ಣ ವಿಮಾನಗಳಿಗೆ ಕೊಡುವ ಸಲಹೆ ಹೀಗಿದೆ: 20 ಸೆಂಟಿಮೀಟರ್‌ವರೆಗಿನ ಒಣ ಹುಲ್ಲಿನಲ್ಲಿ ಏರಲು ಬೇಕಾದ ದೂರವನ್ನು 1.2ರಿಂದ ಗುಣಿಸಬೇಕು, ಒದ್ದೆ ಹುಲ್ಲಾದರೆ 1.3ರಿಂದ. ಇಳಿಯುವಾಗ ಒಣ ಹುಲ್ಲಿಗೆ 1.15, ಒದ್ದೆಗೆ 1.35. ತೀರಾ ಗಿಡ್ಡ ಹುಲ್ಲು ಒದ್ದೆಯಾಗಿದ್ದರೆ 1.6ರವರೆಗೆ ಹೋಗಬಹುದು, ಯಾಕೆಂದರೆ ಬ್ರೇಕು ಹಿಡಿಯಲು ಏನೂ ಸಿಗುವುದಿಲ್ಲ. ಹಾಗಾಗಿ 600 ಮೀಟರಿನಲ್ಲಿ ನಿಲ್ಲುವ ವಿಮಾನಕ್ಕೆ ಮಳೆ ಬಂದ ದಿನ 810 ಮೀಟರ್ ಬೇಕು.

1930ರ ಮೈದಾನಗಳು ಉದ್ದ ಪಟ್ಟಿಯಾಗಿರದೆ ಚೌಕ ಅಥವಾ ಅಡ್ಡಾದಿಡ್ಡಿ ಬಯಲಾಗಿದ್ದಕ್ಕೆ ಕಾರಣವೂ ಇದೆ. ಆಗಿನ ಎರಡು ರೆಕ್ಕೆಯ ವಿಮಾನಗಳು ಹಗುರ, ನೆಲದಲ್ಲಿ ನಿಂತಾಗ ಬಾಲ ಕೆಳಗೆ ಮೂಗು ಮೇಲೆ. ಅಡ್ಡಗಾಳಿ ಬಂದರೆ ರೆಕ್ಕೆ ಎತ್ತಿ ಮಗುಚಿಬಿಡುತ್ತಿತ್ತು. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಗೇ ಮುಖ ಮಾಡಿ ಏರಬೇಕು, ಇಳಿಯಬೇಕು. ಇಂಗ್ಲೆಂಡಿನಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬರುತ್ತದೆ, ಆದರೆ ಪರೀಕ್ಷಾ ಹಾರಾಟಕ್ಕೆ ಹೆಚ್ಚಾಗಿ ಎಂಬುದು ಸಾಲದು. ಎಲ್ಲ ದಿಕ್ಕಿಗೂ ಓಡುವ ಜಾಗ ಬೇಕು.

ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಹೇಯ್ಸ್‌ನಲ್ಲಿ ತಯಾರಾದ ಭಾಗಗಳು ರಸ್ತೆಯ ಮೇಲೆ ಹ್ಯಾಂಗರಿಗೆ ಬರುತ್ತಿದ್ದವು, ಅಂತಿಮ ಜೋಡಣೆ ಅಲ್ಲೇ. ನೌಕಾಪಡೆಯ ವಿಮಾನಗಳಿಗೆ ಹಡಗಿನಲ್ಲಿ ಜಾಗ ಉಳಿಸಲು ರೆಕ್ಕೆ ಮಡಚುವ ವ್ಯವಸ್ಥೆ ಇರುತ್ತದೆ. ಫೇರಿಯವರ ಸ್ವೋರ್ಡ್‌ಫಿಶ್ ಎಂಬ ನೌಕಾ ವಿಮಾನದ ರೆಕ್ಕೆ ಹರಡಿದರೆ 45 ಅಡಿ 6 ಅಂಗುಲ, ಮಡಚಿದರೆ 17 ಅಡಿ 3 ಅಂಗುಲ. ಜೋಡಣೆಯಾದ ಮೇಲೆ ಎರಡು ರೆಕ್ಕೆಗಳ ನಡುವಿನ ತಂತಿಗಳ ಬಿಗಿತ, ರೆಕ್ಕೆಯ ಕೋನ ನೋಡಬೇಕು. ಒಂದು ತಂತಿ ಸಡಿಲವಾದರೆ ವಿಮಾನ ಒಂದೇ ಕಡೆಗೆ ವಾಲುತ್ತದೆ. ಆಮೇಲೆ ತಕ್ಕಡಿಗಳ ಮೇಲೆ ನಿಲ್ಲಿಸಿ ತೂಕ ಎಲ್ಲಿ ಬೀಳುತ್ತದೆ ಎಂದು ಗುರುತಿಸುವುದು, ಚಕ್ರಕ್ಕೆ ಅಡ್ಡೆ ಕೊಟ್ಟು ಎಂಜಿನ್ ಪೂರ್ತಿ ಓಡಿಸುವುದು, ನೆಲದ ಮೇಲೆ ನಿಧಾನ ಓಟ, ವೇಗದ ಓಟ. ಇಷ್ಟೂ ಸರಿಯಾದ ಮೇಲೆ ಹಾರಾಟ. ಎಲ್ಲವೂ ಒಂದೇ ಜಾಗದಲ್ಲಿ, ಕಾರ್ಖಾನೆಯ ಎಂಜಿನಿಯರ್ ಅರ್ಧ ಗಂಟೆಯೊಳಗೆ ಬಂದು ನೋಡುವಷ್ಟು ಹತ್ತಿರದಲ್ಲಿ. ಖಾಸಗಿ ಮೈದಾನದ ನಿಜವಾದ ಬೆಲೆ ಇರುವುದು ಇಲ್ಲಿ.

ಆ ಹುಲ್ಲಿನಿಂದ ಮೊದಲು ಎದ್ದ ದೊಡ್ಡ ವಿಮಾನ ಹೆಂಡನ್ ಬಾಂಬರ್, 1930ರ ನವೆಂಬರ್ 25ರಂದು. ರೆಕ್ಕೆಯ ಅಗಲ ನೂರು ಅಡಿಗೂ ಮಿಕ್ಕಿ, ಒಂದೇ ಜೊತೆ ರೆಕ್ಕೆ. ಮುಂದಿನ ಮಾರ್ಚ್‌ನಲ್ಲಿ ಅದು ಅಪಘಾತಕ್ಕೀಡಾಗಿ ಮತ್ತೆ ಕಟ್ಟಬೇಕಾಯಿತು.

ಆದರೆ ಈ ಮೈದಾನದ ಇತಿಹಾಸದಲ್ಲಿ ಬಿಡಿಸಿ ಹೇಳಲೇಬೇಕಾದದ್ದು ಸ್ವೋರ್ಡ್‌ಫಿಶ್‌ನ ಹುಟ್ಟು. ಅದಕ್ಕೂ ಮೊದಲಿನ ಟಿಎಸ್‌ಆರ್ ಒಂದು ಎಂಬ ವಿಮಾನ 1933ರ ಮಾರ್ಚ್ 21ರಂದು ಹಾರಿತು. ಹಾರಿಸಿದವರು ಕ್ರಿಸ್ ಸ್ಟ್ಯಾನಿಲ್ಯಾಂಡ್. ಅದೇ ಸೆಪ್ಟೆಂಬರಿನಲ್ಲಿ ಸ್ಪಿನ್ ಪರೀಕ್ಷೆ. ಸ್ಪಿನ್ ಎಂದರೆ, ವೇಗ ಕಡಿಮೆಯಾಗಿ ಒಂದು ಕಡೆಯ ರೆಕ್ಕೆ ಎತ್ತುವ ಶಕ್ತಿಯನ್ನು ಮೊದಲು ಕಳೆದುಕೊಂಡು ವಿಮಾನ ಸುತ್ತುತ್ತಾ ಬೀಳುವುದು. ಸಾಮಾನ್ಯವಾಗಿ ಮೂಗು ಕೆಳಗಿರುತ್ತದೆ, ಎದುರು ದಿಕ್ಕಿಗೆ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ತುಳಿದು ನಿಯಂತ್ರಣದ ಕೋಲನ್ನು ಮುಂದಕ್ಕೆ ತಳ್ಳಿದರೆ ಹೊರಬರಬಹುದು. ಆ ದಿನ ವಿಮಾನದ ಮೂಗು ಮೇಲೆದ್ದು ಅಡ್ಡಡ್ಡ ಸುತ್ತತೊಡಗಿತು. ಇಂಥ ಚಪ್ಪಟೆ ಸ್ಪಿನ್‌ನಲ್ಲಿ ರಡ್ಡರಿಗೆ ಸರಿಯಾದ ಗಾಳಿ ಸಿಗುವುದಿಲ್ಲ, ತುಳಿದರೂ ಕೆಲಸ ಮಾಡುವುದಿಲ್ಲ. ಸ್ಟ್ಯಾನಿಲ್ಯಾಂಡ್ ಹೊರಗೆ ಹಾರಲು ಹೋದರೆ ಗಾಳಿ ಅವರನ್ನು ಹಿಂದಿನ ಸೀಟಿನೊಳಕ್ಕೆ ಎಸೆಯಿತು; ಅಲ್ಲಿಂದ ಮತ್ತೊಮ್ಮೆ ಹಾರಿ ಪ್ಯಾರಾಚೂಟಿನಲ್ಲಿ ಇಳಿದರು. ವಿಮಾನ ನಾಶವಾಯಿತು.

ಪರಿಹಾರ ಸರಳವಾದರೂ ಸರಪಳಿಯಂತೆ ಒಂದಕ್ಕೊಂದು ಅಂಟಿಕೊಂಡಿತ್ತು. ರಡ್ಡರಿಗೆ ಹೆಚ್ಚು ಹಿಡಿತ ಬೇಕೆಂದು ಮೈಯನ್ನು ಹಿಂದೆ ಒಂದು ಅಂಕಣದಷ್ಟು ಉದ್ದ ಮಾಡಿದರು. ಉದ್ದ ಮಾಡಿದ್ದರಿಂದ ತೂಕದ ಕೇಂದ್ರ ಹಿಂದಕ್ಕೆ ಸರಿಯಿತು. ಅದನ್ನು ಸರಿದೂಗಿಸಲು ಮೇಲಿನ ರೆಕ್ಕೆಯನ್ನು 4 ಡಿಗ್ರಿ ಹಿಂದಕ್ಕೆ ಬಾಗಿಸಿದರು. ಬಾಲದ ಮುಂದೆ ಸಣ್ಣ ಉದ್ದ ಪಟ್ಟಿಗಳನ್ನು ಸೇರಿಸಿದರು. ಹೀಗೆ ತಿದ್ದಿದ ವಿಮಾನ 1934ರ ಏಪ್ರಿಲ್ 17ರಂದು ಹಾರಿತು, ಅದೇ ಸ್ವೋರ್ಡ್‌ಫಿಶ್. ಒಟ್ಟು 2,391 ತಯಾರಾದವು, ಅದರಲ್ಲಿ 692 ಫೇರಿಯವರೇ ಕಟ್ಟಿದ್ದು. 1940ರ ನವೆಂಬರಿನಲ್ಲಿ ಟರಾಂಟೋ ಬಂದರಿನಲ್ಲಿದ್ದ ಇಟಲಿಯ ಯುದ್ಧನೌಕೆಗಳ ಮೇಲೆ ಎರಗಿದ್ದು, ಮರುವರ್ಷ ಜರ್ಮನಿಯ ಯುದ್ಧನೌಕೆ ಬಿಸ್ಮಾರ್ಕ್‌ನ ಚುಕ್ಕಾಣಿ ಕೆಡಿಸಿದ್ದು ಇದೇ ವಿಮಾನಗಳು.

ಫೇರಿಯವರ ಉಳಿದ ವಿಮಾನಗಳಲ್ಲಿ ಬ್ಯಾಟಲ್ 1936ರಲ್ಲಿ, ಆಲ್ಬಕೋರ್ 1938ರಲ್ಲಿ, ಬ್ಯಾರಕುಡಾ 1940ರಲ್ಲಿ, ಫೈರ್‌ಫ್ಲೈ 1941ರ ಡಿಸೆಂಬರ್ 22ರಂದು, ಎಲ್ಲವೂ ಮೊದಲು ನೆಲ ಬಿಟ್ಟದ್ದು ಇಲ್ಲಿಂದಲೇ. ಮರುವರ್ಷ ಜೂನ್‌ನಲ್ಲಿ ಫೈರ್‌ಫ್ಲೈನ ಎರಡನೇ ಮಾದರಿಯ ಪರೀಕ್ಷೆಯಲ್ಲಿ ಸ್ಟ್ಯಾನಿಲ್ಯಾಂಡ್ ತೀರಿಕೊಂಡರು. ಫೈರ್‌ಫ್ಲೈಗೆ ನಮ್ಮಲ್ಲೂ ಒಂದು ನಂಟಿದೆ: 1950ರ ದಶಕದಲ್ಲಿ ಭಾರತೀಯ ನೌಕಾಪಡೆ ಕೊಚ್ಚಿಯ ಐಎನ್‌ಎಸ್ ಗರುಡದಿಂದ ಇವನ್ನು ಹಾರಿಸಿತು, ಗುಂಡು ಹೊಡೆಯುವ ಅಭ್ಯಾಸಕ್ಕೆ ಗುರಿಯನ್ನು ಹಿಂದೆ ಕಟ್ಟಿ ಎಳೆಯಲು. ಯುದ್ಧಕ್ಕೆ ಮೊದಲು, 1935ರಿಂದ 1939ರವರೆಗೆ, ರಾಯಲ್ ಏರೋನಾಟಿಕಲ್ ಸೊಸೈಟಿಯ ವಾರ್ಷಿಕ ವಿಮಾನ ಪ್ರದರ್ಶನ ಕೂಟವೂ ಈ ಮೈದಾನದಲ್ಲಿ ನಡೆಯುತ್ತಿತ್ತು. ದೇಶದ ವಿಮಾನ ರಂಗದ ದೊಡ್ಡವರೆಲ್ಲ ಬಂದು ಆ ಹುಲ್ಲನ್ನು ಕಣ್ಣಾರೆ ಕಂಡರು. ಆ ನೆಲ ಎಂಥದ್ದು ಎಂಬುದು ಗುಟ್ಟಾಗಿ ಉಳಿಯಲಿಲ್ಲ.

ಇನ್ನು ಮುಚ್ಚಿದ ಕಥೆ.

1943ರ ಹೊತ್ತಿಗೆ ಯುದ್ಧದ ನಂತರದ ಲಂಡನ್ನಿಗೆ ದೊಡ್ಡ ನಾಗರಿಕ ವಿಮಾನ ನಿಲ್ದಾಣ ಬೇಕು ಎಂಬುದು ವಾಯು ಸಚಿವಾಲಯದಲ್ಲಿ ಎಲ್ಲರಿಗೂ ಗೊತ್ತಿತ್ತು. ಸಮತಟ್ಟು, ಜಲ್ಲಿ ನೆಲ, ನಗರಕ್ಕೆ ಹತ್ತಿರ, ಮನೆಗಳು ಕಡಿಮೆ. ಎಲ್ಲ ಬೆರಳೂ ಹೀಥ್ರೋವನ್ನೇ ತೋರಿಸುತ್ತಿದ್ದವು. ನಾಗರಿಕ ನಿಲ್ದಾಣಕ್ಕೆಂದು ಭೂಮಿ ತೆಗೆದುಕೊಳ್ಳಲು ಹೋದರೆ ಸಾರ್ವಜನಿಕ ವಿಚಾರಣೆ, ಆಕ್ಷೇಪಣೆ, ಮೇಲ್ಮನವಿ, ವರ್ಷಗಟ್ಟಲೆ ಕಾಲ. ಆದರೆ 1939ರ ತುರ್ತು ಅಧಿಕಾರದ ಕಾನೂನಿನಡಿ ಯುದ್ಧಕ್ಕೆ ಬೇಕು ಎಂದರೆ ಒಂದು ನೋಟಿಸ್ ಸಾಕು. ವಿಚಾರಣೆ ಇಲ್ಲ. ಜಪಾನ್ ವಿರುದ್ಧದ ಯುದ್ಧಕ್ಕೆ ದೂರ ಹಾರುವ ವಿಮಾನಗಳ ನೆಲೆ ಬೇಕು ಎಂದು ಸಚಿವಾಲಯ ಹೇಳಿತು. ಆಗ ವಾಯು ಖಾತೆಯ ಉಪಸಚಿವರಾಗಿದ್ದ ಹೆರಾಲ್ಡ್ ಬಾಲ್ಫೋರ್ 1973ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ನಿಜ ಹೇಳಿಬಿಟ್ಟರು: ಮನಸ್ಸಿನಲ್ಲಿದ್ದದ್ದು ಮೊದಲಿನಿಂದಲೂ ನಾಗರಿಕ ನಿಲ್ದಾಣ, ಸಂಪುಟದ ಸಮಿತಿಗೆ ಸುಳ್ಳು ಹೇಳಿ ಒಪ್ಪಿಸಿದೆವು ಎಂದು.

ಇದು ನಡೆಯುವಾಗ ರಿಚರ್ಡ್ ಫೇರಿ ಊರಿನಲ್ಲೇ ಇರಲಿಲ್ಲ. ಬ್ರಿಟಿಷ್ ವಾಯು ಆಯೋಗದ ಮುಖ್ಯಸ್ಥರಾಗಿ ವಾಷಿಂಗ್ಟನ್ನಿನಲ್ಲಿ ಅದೇ ಸರ್ಕಾರದ ಕೆಲಸ ಮಾಡುತ್ತಿದ್ದರು. ಖಾಸಗಿಯವರು ಮುಂದಾಲೋಚನೆಯಿಂದ ಕಷ್ಟಪಟ್ಟು ಮಾಡಿಟ್ಟದ್ದನ್ನು ಬಲವಂತದಿಂದ ಕಿತ್ತುಕೊಳ್ಳುವುದು ಸರ್ಕಾರಕ್ಕೆ ಸುಲಭದ ದಾರಿ ಎಂದು ಅಲ್ಲಿಂದ ಪತ್ರ ಬರೆದು ಪ್ರತಿಭಟಿಸಿದರು. ಉಪಯೋಗವಾಗಲಿಲ್ಲ. ಲಂಡನ್ನಿಗೆ ದೊಡ್ಡ ನಿಲ್ದಾಣ ಬೇಕಿತ್ತು, ಜಾಗವೂ ಯೋಗ್ಯವಾದದ್ದೇ, ಅದನ್ನು ಒಪ್ಪುತ್ತೇನೆ. ಆದರೆ ಯುದ್ಧದ ಕಾನೂನನ್ನು ಶಾಂತಿಕಾಲದ ಕಟ್ಟಡಕ್ಕೆ ಬಳಸಿದ್ದು ಅನ್ಯಾಯ, ಅದರಲ್ಲೂ ಹಳ್ಳಿಯವರಿಗೆ. ಫೇರಿಯವರಿಗೆ ವಕೀಲರಿದ್ದರು. ಮನೆ, ತೋಟ, ತಲೆಮಾರುಗಳಿಂದ ಗೊಬ್ಬರ ಹಾಕಿ ಹದ ಮಾಡಿದ ಮಣ್ಣು ಬಿಟ್ಟು ಹೊರಟ ಬೆಳೆಗಾರರಿಗೆ ಆಕ್ಷೇಪ ಹೇಳುವ ವೇದಿಕೆಯೇ ಇರಲಿಲ್ಲ. ಹೀಥ್ರೋ ಹಳ್ಳಿ ಪೂರ್ತಿ ನೆಲಸಮವಾಯಿತು. ಕೆಲಸ ಶುರುವಾಗುವ ನಡುವೆಯೇ ಪುರಾತತ್ವಜ್ಞ ಡಬ್ಲ್ಯೂ. ಎಫ್. ಗ್ರೈಮ್ಸ್ ಅವಸರದಲ್ಲಿ ಅಗೆದು, ಕಬ್ಬಿಣ ಯುಗದ ಒಂದು ವಸತಿಯನ್ನೂ ಚಿಕ್ಕ ದೇಗುಲದ ತಳಹದಿಯನ್ನೂ ದಾಖಲಿಸಿದರು. ಅದೂ ಕಾಂಕ್ರೀಟಿನಡಿ ಹೋಯಿತು. ಪಕ್ಕದ ಪೆರಿ ಓಕ್ಸ್‌ನಲ್ಲಿ 1936ರಿಂದ ಇದ್ದ ಚರಂಡಿ ಕೆಸರು ಒಣಗಿಸುವ ಘಟಕ ಮಾತ್ರ ಅಲ್ಲಾಡಲಿಲ್ಲ. 2008ರಲ್ಲಿ ತೆರೆದ ಐದನೇ ಟರ್ಮಿನಲ್ ನಿಂತಿರುವುದು ಅದರ ಜಾಗದಲ್ಲಿ.

ಹುಲ್ಲನ್ನೇ ಉಳಿಸಿಕೊಂಡು ನಿಲ್ದಾಣ ಮಾಡಬಹುದಿತ್ತೇ ಎಂದು ಕೇಳಬಹುದು. ಆಗದು. ತುಂಬಿದ ಸ್ವೋರ್ಡ್‌ಫಿಶ್‌ನ ತೂಕ ಸುಮಾರು 3.4 ಟನ್, ಫೈರ್‌ಫ್ಲೈ ಸುಮಾರು 6 ಟನ್. ಹೊಸ ನಿಲ್ದಾಣದಿಂದ 1946ರ ಜನವರಿ 1ರಂದು ಮೊದಲು ಹೊರಟ ಲ್ಯಾಂಕಾಸ್ಟ್ರಿಯನ್ ಸುಮಾರು 29 ಟನ್. 1948ರ ಜೂನ್ 8ರಂದು ಮುಂಬೈ ಬಿಟ್ಟು ಕೈರೋ, ಜಿನೀವಾ ದಾಟಿ ಇಲ್ಲಿ ಇಳಿದ ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಕಾನ್‌ಸ್ಟಲೇಶನ್ 45 ಟನ್ನಿಗೂ ಮೇಲೆ. ಅಷ್ಟು ಭಾರ ನಾಲ್ಕಾರು ಚಕ್ರಗಳ ಮೇಲೆ ಬಿದ್ದರೆ ಯಾವ ಬೇರಿನ ಹೆಣಿಗೆಯೂ ತಡೆಯದು. ಅದಕ್ಕೇ 3,000 ಗಜದ ಕಾಂಕ್ರೀಟ್ ರನ್‌ವೇ.

ಫೇರಿಯವರು 1944ರಲ್ಲಿ ಹೆಸ್ಟನ್‌ಗೆ, 1947ರಲ್ಲಿ ವೈಟ್ ವಾಲ್ಥಮ್‌ಗೆ ಹೋದರು. ಮೂರು ಮೈಲಿ ಇದ್ದದ್ದು ಇಪ್ಪತ್ತು ಮೈಲಿಯ ಹತ್ತಿರವಾಯಿತು, ಕಾರ್ಖಾನೆಯನ್ನು ಮೈದಾನದ ಪಕ್ಕ ತರುವ ಯೋಜನೆ ಬಿದ್ದುಹೋಯಿತು. ಪರಿಹಾರದ ಜಗಳ ಇಪ್ಪತ್ತು ವರ್ಷ ಎಳೆಯಿತು. ಸರ್ಕಾರದ ವಾದ ಯುದ್ಧಕ್ಕೆ ಮುಂಚಿನ ಬೆಲೆಯ ಮೇಲೆ ನಿಂತಿತ್ತು. ಕಂಪನಿಯ ವಾದ, ಇದು ಬರೀ ಹೊಲವಲ್ಲ, ಹದಿನಾಲ್ಕು ವರ್ಷ ದುಡಿದು ಮಾಡಿದ ಏರೋಡ್ರೋಮ್ ಎಂದು. ಹುಲ್ಲಿಗೆ ಹಾಕಿದ ಶ್ರಮ ಕಣ್ಣಿಗೆ ಹೊಲದಂತೆಯೇ ಕಾಣುವುದು ಇಲ್ಲಿನ ತೊಡಕು. 1964ರಲ್ಲಿ 16 ಲಕ್ಷ ಪೌಂಡಿಗೆ ತೀರ್ಮಾನವಾಯಿತು. ಎಕರೆಗೆ ನೂರು ಪೌಂಡಿನ ಲೆಕ್ಕ ನೆನಪಿದೆಯಲ್ಲ. 240 ಎಕರೆಗೆ ಹಂಚಿದರೆ ಎಕರೆಗೆ ಆರೂವರೆ ಸಾವಿರಕ್ಕಿಂತ ಹೆಚ್ಚು. ಆದರೆ ರಿಚರ್ಡ್ ಫೇರಿ 1956ರಲ್ಲೇ ತೀರಿಕೊಂಡಿದ್ದರು, 1960ರಲ್ಲಿ ವಿಮಾನ ವಿಭಾಗ ವೆಸ್ಟ್‌ಲ್ಯಾಂಡ್ ಕಂಪನಿಗೆ ಹೋಗಿತ್ತು. ಹಳೆಯ ಹ್ಯಾಂಗರ್ ಹೀಥ್ರೋದ ಅಗ್ನಿಶಾಮಕ ಠಾಣೆಯಾಗಿ ಬಳಕೆಯಾಗುತ್ತಿದ್ದು, ಅದನ್ನೂ ಕೆಡವಿದರು.

ಅಂಥ ಮೈದಾನ ಹೇಗಿತ್ತು ಎಂದು ನೋಡಬೇಕೆನ್ನುವವರು ಮೇಡನ್‌ಹೆಡ್ ಹತ್ತಿರದ ವೈಟ್ ವಾಲ್ಥಮ್‌ಗೆ ಹೋಗಬಹುದು. ಫೇರಿಯವರು ಕೊನೆಗೆ ನೆಲೆ ಕಂಡ ಆ ಏರೋಡ್ರೋಮ್ ಈಗಲೂ ನಡೆಯುತ್ತಿದೆ, ಮೂರು ರನ್‌ವೇಗಳೂ ಹುಲ್ಲಿನವೇ. ಮಳೆ ಬಂದ ಮರುದಿನ ಹೋದರೆ ವಿಮಾನಗಳು ಎಷ್ಟು ದೂರ ಓಡಿ ಏರುತ್ತವೆ ಎಂದು ಗಮನಿಸಿ. ಮೇಲೆ ಹೇಳಿದ 1.3ರ ಲೆಕ್ಕ ಕಣ್ಣಿಗೇ ಕಾಣುತ್ತದೆ.